ನಿಮ್ಮಪ್ಪನ ಪಥ್ಯಕ್ಕೆ ನಾನು ಮಾಡಿದ ಉದ್ಯಾಪನೆ

ನಮ್ಮ ಮನೆಯಲ್ಲಿ ಈಗ ಯಾರಿಗಾದರೂ ಹೊಟ್ಟೆ ನೋವು ಬಂದರೆ, ಅಜ್ಜಿಯ ಕೈಯ ಹೋಳಿಗೆ ತಿಂದೆಯಾ ಎಂದು ಕೇಳುವ ರೂಢಿ ಬಿದ್ದಿದೆ. ನೀವಿಬ್ಬರೂ ಕೇಳಿ ನಗುತ್ತೀರಿ. ನಾನೂ ನಿಮ್ಮ ಜೊತೆ ನಗುತ್ತೇನೆ. ಆದರೆ ನೀವು ದೊಡ್ಡವರಾಗಿ ನಿಮ್ಮ ಮಕ್ಕಳಿಗೂ ಇದನ್ನೇ ಹೇಳಿದರೆ, ನಾನು ಸತ್ತ ಮೇಲೂ ಮಗನಿಗೆ ಎಳ್ಳು ಹೋಳಿಗೆ ತಿನ್ನಿಸಿ ಆಸ್ಪತ್ರೆಗೆ ಕಳಿಸಿದವಳಾಗಿಯೇ ಉಳಿಯುತ್ತೇನೆ. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುತ್ತದೆ, ಆದರೆ ಒಂದು ಸಾಲು ಮುಗಿಸುವಷ್ಟರಲ್ಲಿ ಚೆಂಬೂರಿನಿಂದ ವಡಾಲಕ್ಕೆ ಲೋಕಲ್ ರೈಲು ಹೋಗಿ ಮುಟ್ಟಿರುತ್ತದೆ. ನಿಮ್ಮಮ್ಮನಿಂದ ಓದಿಸಿದರೆ, ಅವಳು ಎಲ್ಲೆಲ್ಲಿ ಕೆಮ್ಮುತ್ತಾಳೋ ಅಲ್ಲೊಂದು ಸಾಲು ಬಿಟ್ಟಿದ್ದಾಳೆ ಎಂದು ತಿಳಿಯಿರಿ.

ನಾನು ವಿಜಾಪುರದ ಕಡೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ವಡಾಲದ ಚಾಳಿಗೆ ಬಂದೆ. ನಿಮ್ಮಜ್ಜ ಬಂದರಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ನನಗೆ ಹೊರಗಿನವರ ಎದುರು ಮಾತು ಹೊರಡುತ್ತಿರಲಿಲ್ಲ, ಈಗಲೂ ಸುಲಭವಾಗಿ ಹೊರಡುವುದಿಲ್ಲ. ನಲವತ್ತು ವರ್ಷ ನನ್ನ ಮಾತನ್ನೆಲ್ಲ ಅವರೇ ಆಡಿದರು. ಎಲ್ಲಿ ನೋವು ಎಂದು ಡಾಕ್ಟರು ನನ್ನನ್ನು ಕೇಳಿದರೆ, ಅವರು ತಮ್ಮ ಮೈಮೇಲೆ ಆ ಜಾಗ ಮುಟ್ಟಿ ತೋರಿಸುತ್ತಿದ್ದರು. ಒಮ್ಮೆ ಡಾಕ್ಟರು ಗೊಂದಲಗೊಂಡು ಅವರಿಗೇ ಸೂಜಿ ಚುಚ್ಚುವುದರಲ್ಲಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಪಾಲಿನ ಮಾತು ನನಗೇ ಬಂತು. ಏನು ಮಾಡಬೇಕೋ ತಿಳಿಯದೆ ಅದನ್ನು ಹಾಗೆಯೇ ಇಟ್ಟುಕೊಂಡು ನಿಮ್ಮ ಚೆಂಬೂರಿನ ಮನೆಗೆ ಬಂದೆ.

ನಿಮ್ಮಪ್ಪನಿಗೆ ದೊಡ್ಡ ಕರುಳಿನ ಬೇನೆ ಇದೆ. ನೀವು ಸಣ್ಣವರೆಂದು ಆಗ ನಿಮಗೆ ‘ಪಪ್ಪಾಗೆ ಗ್ಯಾಸ್’ ಎಂದು ಹೇಳಿದ್ದರು. ಅದು ಗ್ಯಾಸ್ ಅಲ್ಲ. ಕರುಳಿನ ಒಳಗೋಡೆ ಬಾತುಕೊಂಡು ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ. ದಿನಾ ಬೆಳಿಗ್ಗೆ ಗುಳಿಗೆ ನುಂಗಿದರೆ ಅದು ಸುಮ್ಮನೆ ಮಲಗಿರುತ್ತದೆ. ಗುಳಿಗೆ ಬಿಟ್ಟರೆ ಏಳುತ್ತದೆ, ಬಹಳ ಎದ್ದರೆ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗಬಹುದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಎರಡು ವರ್ಷ ಗುಳಿಗೆ ತಿಂದ, ಎರಡು ವರ್ಷ ಆರಾಮಾಗಿದ್ದ. ಹಾಗೆ ಸುಮ್ಮನೆ ಗುಳಿಗೆ ತಿಂದು ಆರಾಮಾಗಿರುವುದು ಅವನಂಥ ಓದಿದವನಿಗೆ ಬಹಳ ಸಪ್ಪೆ ಎನಿಸಿತೋ ಏನೋ. ಬೇನೆಯ ಬೇರು ಹುಡುಕತೊಡಗಿದ. ಎಲ್ಲರೂ ಬೇರು ಹುಡುಕುವುದು ಫೋನಿನಲ್ಲಿ. ಅಲ್ಲಿ ಅವನಿಗೆ ಒಬ್ಬ ಡಯಟ್ ಕೋಚ್ ಸಿಕ್ಕ.

ಕೋಚ್ ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ದರ್ಶನ ಕೊಡುತ್ತಿದ್ದ. ಹಿಂದೆ ಒಂದು ಕಪಾಟು, ಅದರ ತುಂಬ ಪುಸ್ತಕ, ಒಂದು ಪುಸ್ತಕವೂ ಎಂದೂ ಜಾಗ ಬದಲಿಸಿದ್ದನ್ನು ನಾನು ಕಾಣಲಿಲ್ಲ. ಅವನು ಹೇಳಿದ್ದನ್ನು ನಿಮ್ಮಪ್ಪ ಊಟಕ್ಕೆ ಕೂತಾಗ ನಮಗೆಲ್ಲ ಬಿಡಿಸಿ ಹೇಳಿದ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿ ಪ್ರೋಟೀನ್ ಇರುತ್ತದೆ. ಅದು ಮಣಿಸರದ ಹಾಗೆ. ಆ ಮಣಿಗಳಿಗೆ ಅಮೈನೊ ಆಮ್ಲ ಎನ್ನುತ್ತಾರೆ, ಅವುಗಳಲ್ಲಿ ಒಂದರ ಹೆಸರು ಮೆಥಿಯೊನಿನ್. ಹೊರದೇಶದಲ್ಲಿ ಇಲಿಗಳಿಗೆ ಈ ಒಂದು ಮಣಿಯನ್ನು ಕಡಿಮೆ ಮಾಡಿ ತಿನ್ನಿಸಿ ನೋಡಿದ್ದಾರೆ. ಅವುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಬದಲಾದವಂತೆ, ಬಾವು ಇಳಿಯಿತಂತೆ. ಹೇಳುತ್ತ ಹೇಳುತ್ತ ನಿಮ್ಮಪ್ಪನ ಮುಖ ಹೊಳೆಯುತ್ತಿತ್ತು. ಅಷ್ಟು ಕಕ್ಕುಲಾತಿಯಿಂದ ಅವನು ಇಲಿಗಳ ಬಗ್ಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಚಾಳಿನಲ್ಲಿದ್ದಾಗ ಇಲಿ ಕಂಡರೆ ಮೊದಲು ಮಂಚ ಹತ್ತುತ್ತಿದ್ದವನು ಅವನೇ.

ಯಾವ ಪದಾರ್ಥದಲ್ಲಿ ಆ ಮಣಿ ಹೆಚ್ಚೋ ಅದನ್ನೆಲ್ಲ ಬಿಡಬೇಕು. ಎಳ್ಳಿನಲ್ಲಿ ಬಹಳ, ಹಾಲು ಮೊಸರು ಪನೀರಿನಲ್ಲಿ ಇದೆ, ಮೊಟ್ಟೆ ಮೀನಿನಲ್ಲಿ ಇನ್ನೂ ಬಹಳ. ಮೀನು ನಾವು ತಿನ್ನುವವರಲ್ಲ. ಮೊಟ್ಟೆಯನ್ನು ನಿಮ್ಮಪ್ಪ ಆಫೀಸಿನ ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದ ಎಂಬುದು ಆ ದಿನ ನನಗೆ ಗೊತ್ತಾಯಿತು, ಇಲಿಗಳ ಉಪಕಾರದಿಂದ. ಉಳಿದದ್ದು ಹಣ್ಣು, ತರಕಾರಿ, ಅಳೆದು ಕೊಟ್ಟಷ್ಟು ಕಾಳು, ಗೆಣಸು, ಸಾಬೂದಾಣಿ. ಒಟ್ಟು ಹದಿನಾರು ವಾರ. ದಸರೆ ಮುಗಿದ ಸೋಮವಾರ ಶುರು.

ಇಲ್ಲಿಯೇ ನಾನು ತಪ್ಪಿದ್ದು. ನೀವೇ ಯೋಚಿಸಿ. ಸೋಮವಾರ ಹಿಡಿಯುವುದು, ಹದಿನಾರು ವಾರ ನಡೆಸುವುದು, ಸಾಬೂದಾಣಿ ಗೆಣಸು ತಿನ್ನುವುದು. ನನ್ನ ತಲೆಯಲ್ಲಿ ಇದಕ್ಕೆ ಬೇರೆ ಹೆಸರೇ ಇರಲಿಲ್ಲ. ಹದಿನಾರು ಸೋಮವಾರದ ವ್ರತವನ್ನು ನಿಮ್ಮಪ್ಪ ಹುಟ್ಟುವ ಮೊದಲು ನಾನೂ ಹಿಡಿದಿದ್ದೆ. ಒಂದು ಪದಾರ್ಥ ಬಿಡುವುದಂತೂ ನಮ್ಮಲ್ಲಿ ಹೊಸದಲ್ಲ. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗೆದ್ದು, ತಮಗೆ ಪ್ರೀತಿಯ ಒಂದು ಕಾಯಿ ಒಂದು ಹಣ್ಣನ್ನು ಬಿಟ್ಟು ಬರುತ್ತಾರೆ. ನಿಮ್ಮಜ್ಜ ಹಾಗಲಕಾಯಿ ಬಿಟ್ಟು ಬಂದರು, ಅದನ್ನು ಅವರು ಮೊದಲೂ ತಿನ್ನುತ್ತಿರಲಿಲ್ಲ. ಮಗನಿಗೆ ಬೇನೆಯಾದರೆ ತಾಯಿ ಬಿಡುವುದೂ ಉಂಟು. ಹಾಗಾಗಿ ಅವನು ಎಳ್ಳು ಬಿಟ್ಟ ದಿನ ನಾನೂ ಎಳ್ಳು ಬಿಟ್ಟೆ, ಮೊಸರು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಕೋಚಿಗೆ ನನ್ನ ರೂಪದಲ್ಲಿ ಒಂದು ಪುಕ್ಕಟೆ ಇಲಿ ಸಿಕ್ಕಿತ್ತು, ಪಾಪ, ಅವನಿಗೆ ಗೊತ್ತಾಗಲೇ ಇಲ್ಲ.

ವ್ರತದಲ್ಲಿ ನೈವೇದ್ಯ ಮೊದಲು, ಊಟ ಆಮೇಲೆ. ಇಲ್ಲಿಯೂ ಹಾಗೆಯೇ ಇತ್ತು. ತಾಟು ಬಡಿಸಿದ ಕೂಡಲೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋನಿಗೆ ತೋರಿಸಬೇಕು, ಫೋಟೊ ಕೋಚಿಗೆ ಹೋಗಬೇಕು, ಅವನಿಂದ ಹೆಬ್ಬೆರಳಿನ ಚಿತ್ರ ಬಂದ ಮೇಲೆ ಊಟ. ಕೋಚ್ ಬೇರೆ ಭಕ್ತರಲ್ಲಿ ತೊಡಗಿದ್ದರೆ ಅರ್ಧ ತಾಸು ತಡವಾಗುತ್ತಿತ್ತು. ನಮ್ಮ ದೇವರು ಇಷ್ಟು ಹೊತ್ತು ಕಾಯಿಸಿದ್ದಿಲ್ಲ.

ಅಡಿಗೆಮನೆಗೆ ಒಂದು ತೂಕದ ಯಂತ್ರ ಬಂತು. ಹೆಸರುಕಾಳು ಮೂವತ್ತು ಗ್ರಾಂ ಎಂದು ಕೋಚ್ ಕಳಿಸಿದ ಚಾರ್ಟಿನಲ್ಲಿತ್ತು. ನಾನು ನೆನೆಸಿದ ಕಾಳನ್ನು ಮೂವತ್ತು ಗ್ರಾಂ ತೂಗಿ ಹಾಕುತ್ತಿದ್ದೆ. ಕೋಚ್ ಹೇಳಿದ್ದು ಒಣಕಾಳಿನ ಲೆಕ್ಕವಂತೆ. ನೆನೆದರೆ ಕಾಳು ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಐದು ವಾರ ನಿಮ್ಮಪ್ಪ ಅರ್ಧಹೊಟ್ಟೆಯಲ್ಲಿ ಆಫೀಸಿಗೆ ಹೋದ. ಗೊತ್ತಾದ ಮೇಲೆ ನಿಮ್ಮಮ್ಮ ಹೆದರಿಕೊಂಡು ಕೋಚಿಗೆ ತಿಳಿಸಿದರೆ, ಅವನಿಗೆ ಸಂತೋಷವೇ ಆಯಿತಂತೆ. ಮಣಿ ಇನ್ನೂ ಕಡಿಮೆಯಾಯಿತಲ್ಲ ಎಂದನಂತೆ.

ಇನ್ನೊಂದು ಚಾರ್ಟ್ ನೀವು ಮರೆತಿರಲಿಕ್ಕಿಲ್ಲ. ಬಯಲಕಡೆ ಹೇಗಾಯಿತು ಎಂಬುದನ್ನು ಚಿತ್ರಸಹಿತ ಏಳು ಬಗೆ ಮಾಡಿ ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ್ದರು. ನಾಲ್ಕನೆಯ ನಂಬರು ಎಲ್ಲಕ್ಕಿಂತ ಒಳ್ಳೆಯದು. ನಿಮ್ಮಪ್ಪ ಬೆಳಿಗ್ಗೆ ಹೊರಬಂದು ಬೆರಳು ತೋರಿಸಿದರೆ ನೀವಿಬ್ಬರೂ ‘ಫೋರ್!’ ಎಂದು ಚಪ್ಪಾಳೆ ತಟ್ಟುತ್ತಿದ್ದಿರಿ. ನಮ್ಮ ಊರಿನಲ್ಲಿ ಈ ವಿಷಯಕ್ಕೆ ಚೆಂಬು ಹಿಡಿದು ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುವುದಿತ್ತು. ಮೆಟ್ರಿಕ್ ಪಾಸಾದಾಗಲೂ ನಿಮ್ಮಪ್ಪನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಮೊದಲ ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ನಿಮ್ಮಪ್ಪ ತೆಳ್ಳಗಾದ. ಬಿಲ್ಡಿಂಗಿನವರೆಲ್ಲ ಹೊಗಳಿದರು. ನಿಮ್ಮಮ್ಮ ಪಥ್ಯದ ಚಾರ್ಟನ್ನು ಸೊಸೈಟಿಯ ಹೆಂಗಸರ ಫೋನಿನ ಗ್ರೂಪಿಗೆ ಹಾಕಿದಳು. ಹದಿನೈದು ದಿನದೊಳಗೆ ನಾಲ್ಕು ಮನೆಗಳಲ್ಲಿ, ಕರುಳು ಗಟ್ಟಿಯಿದ್ದವರೂ ಕರುಳಿನ ಸಲುವಾಗಿ ಊಟ ಬಿಟ್ಟರು. ಸಂಕ್ರಾಂತಿಗೆ ಮೂರನೆಯ ಮಾಳಿಗೆಯವರ ಹಳದಿ ಕುಂಕುಮಕ್ಕೆ ಹೋಗಿಬಂದ ನಿಮ್ಮಮ್ಮ, ತಿಳಗುಳದ ಎಳ್ಳುಂಡೆಯ ಬದಲು ಒಣದ್ರಾಕ್ಷಿ ಕೊಟ್ಟರೆಂದು ಹೆಮ್ಮೆಯಿಂದ ತೋರಿಸಿದಳು. ಎಳ್ಳು ತೆಗೆದುಕೊಂಡು ಒಳ್ಳೆಯ ಮಾತಾಡಿ ಎನ್ನುವುದು ಆ ಹಬ್ಬ. ಎಳ್ಳು ಹೋಗಿತ್ತು. ಒಳ್ಳೆಯ ಮಾತು ಮಾತ್ರ ಗ್ರೂಪಿನಲ್ಲಿ ಬೇಕಾದಷ್ಟಿತ್ತು.

ಈಗ ಗುಳಿಗೆಯ ಮಾತಿಗೆ ಬರುತ್ತೇನೆ.

ಪಥ್ಯ ಶುರುವಾದಾಗ ಗುಳಿಗೆಯ ಡಬ್ಬಿ ಫ್ರಿಜ್ಜಿನ ಮೇಲಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ನಿಮ್ಮಪ್ಪ ಅದನ್ನು ಆಫೀಸಿನ ಚೀಲಕ್ಕೆ ಹಾಕಿಕೊಂಡ. ಅಲ್ಲಿಯೇ ಚಹಾದ ಮೇಲೆ ನುಂಗುತ್ತೇನೆ ಎಂದ. ಪ್ರತಿ ಶನಿವಾರ ಆ ಚೀಲ ಖಾಲಿ ಮಾಡಿ ಒಗೆಯುವುದು ನನ್ನ ಕೆಲಸ. ಒಂದು ಶನಿವಾರ ಚೀಲದಲ್ಲಿ ಗುಳಿಗೆಯ ಸ್ಟ್ರಿಪ್ ಇತ್ತು, ಹತ್ತು ಗುಳಿಗೆಗಳಲ್ಲಿ ಎರಡು ಒಡೆದಿದ್ದವು. ಮುಂದಿನ ಶನಿವಾರವೂ ಅದೇ ಸ್ಟ್ರಿಪ್, ಅವೇ ಎರಡು. ಅದರ ಮುಂದಿನ ಶನಿವಾರವೂ. ನನಗೆ ಇಂಗ್ಲಿಷ್ ಅಕ್ಷರ ಬಾರದು, ಎಣಿಸಲು ಬರುತ್ತದೆ. ನಾಲ್ಕನೆಯ ಶನಿವಾರ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಅವನೇ ಅಡಿಗೆಮನೆಗೆ ಬಂದ. ನನ್ನ ಕೈ ನೋಡಿದ, ಬಾಗಿಲ ಕಡೆ ನೋಡಿದ.

“ಅವ್ವಾ, ಆಕಿಗೆ ಹೇಳಬ್ಯಾಡ,” ಎಂದ. “ಗುಳಿಗಿ ಬಿಟ್ಟು ತಿಂಗಳಾತು. ನೋಡು, ಏನರ ಆಗೇತೇನು ನನಗ? ಹದಿನಾರು ವಾರ ಮುಗೀಲಿ, ಡಾಕ್ಟರ್ ಮುಂದ ರಿಪೋರ್ಟ್ ಒಗೀತೀನಿ. ಆಮ್ಯಾಲ ಅವರ ನನ್ನ ಕಡೆ ಕಲೀಬೇಕು.”

“ಡಾಕ್ಟರು ಬಿಡಬ್ಯಾಡ ಅಂದಿದ್ರಲ್ಲೋ.”

“ಡಾಕ್ಟರು ಹಳೇ ಪುಸ್ತಕ ಓದ್ಯಾರ. ನೀ ಸುಮ್ನಿರು.”

ಸುಮ್ಮನಿರು ಎಂದು ನನಗೆ ಹೇಳಬೇಕಾಗಿಯೇ ಇರಲಿಲ್ಲ. ನಾನು ಅದರಲ್ಲಿ ನುರಿತವಳು. ಚೀಲ ಒಗೆದು ಒಣಗಿದ ಮೇಲೆ ಸ್ಟ್ರಿಪ್ಪನ್ನು ಅದರೊಳಗೆ ವಾಪಸು ಇಟ್ಟೆ. ನಿಮ್ಮಮ್ಮ ತಿಂಗಳಿಗೊಮ್ಮೆ ಫೋನಿನಲ್ಲಿ ಹೊಸ ಗುಳಿಗೆ ತರಿಸುತ್ತಿದ್ದಳು, ಅವು ಅವನ ಕಪಾಟಿನಲ್ಲಿ ಅಂಗಿಗಳ ಕೆಳಗೆ ಸೇರುತ್ತಿದ್ದವು. ಇದೂ ನನಗೆ ಗೊತ್ತಿತ್ತು. ಬಟ್ಟೆ ಮಡಚಿಡುವವಳು ನಾನೇ.

ಡಿಸೆಂಬರ್ ಅರ್ಧದಿಂದ ನನಗೆ ಹೆದರಿಕೆ ಶುರುವಾಯಿತು. ನನ್ನ ಹಾಸಿಗೆ ಹೊರಕೋಣೆಯಲ್ಲಿ, ಬಚ್ಚಲುಮನೆಯ ಪಕ್ಕ. ಹಾಲಿನವನು ಬರುವುದರೊಳಗೆ ನಿಮ್ಮಪ್ಪ ಎರಡು ಸಲ ಎದ್ದು ಹೋಗುತ್ತಿದ್ದ, ಆಮೇಲೆ ಮೂರು ಸಲ. ನೀವು ಏಳುವ ಹೊತ್ತಿಗೆ ಇನ್ನೊಮ್ಮೆ ಹೋಗಿ, ಹೊರಬಂದು ನಾಲ್ಕು ಬೆರಳು ತೋರಿಸುತ್ತಿದ್ದ. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ. ಅವನ ಸೊಂಟದ ಪಟ್ಟಾಕ್ಕೆ ಹೊಸ ತೂತು ಬಿದ್ದಿತ್ತು, ಮೊಳೆಯಿಂದ ಹೊಡೆದದ್ದು. ಹೇಳಬೇಕು ಎಂದು ನಿಮ್ಮಮ್ಮನ ಹತ್ತಿರ ಎಷ್ಟು ಸಲ ಹೋಗಿ ನಿಂತಿದ್ದೇನೋ ಲೆಕ್ಕವಿಲ್ಲ. ಅವಳು ಶಾಲೆಯ ಪೇಪರ್ ತಿದ್ದುತ್ತ ತಲೆಯೆತ್ತಿ ಏನು ಅತ್ತಿ ಎಂದರೆ, ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ ಎಂದು ಹೇಳಿ ಬರುತ್ತಿದ್ದೆ. ಆ ಚಳಿಗಾಲದಲ್ಲಿ ನಮ್ಮ ಮನೆಗೆ ಮೂರು ಗ್ಯಾಸ್ಕೆಟ್ ಬಂದವು.

ಹಾಗಾಗಿ ನಾನು ಹದಿನೇಳನೆಯ ಸೋಮವಾರಕ್ಕೆ ಕಾಯುತ್ತ ಕೂತೆ.

ಹದಿನಾರು ಸೋಮವಾರ ಮುಗಿದ ಮೇಲೆ ಹದಿನೇಳನೆಯ ಸೋಮವಾರ ಉದ್ಯಾಪನೆ ಮಾಡಬೇಕು. ಅದು ಆಗದಿದ್ದರೆ ಹಿಡಿದ ವ್ರತಕ್ಕೆ ಫಲವಿಲ್ಲ. ಏನನ್ನು ಬಿಟ್ಟಿರುತ್ತೇವೋ ಅದನ್ನೇ ದೇವರ ಮುಂದಿಟ್ಟು ಅಂದು ಉಣ್ಣುವುದು, ವ್ರತವನ್ನು ಇಳಿಸುವುದು. ಮಾರನೆಯ ದಿನದಿಂದ ಎಲ್ಲ ಮೊದಲಿನ ಹಾಗೆ. ಎಲ್ಲ ಎಂದರೆ ಗುಳಿಗೆಯೂ ಎಂದು ನನ್ನ ಲೆಕ್ಕ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವಂತಿರಲಿಲ್ಲ, ಅಡಿಗೆ ಮಾಡುವುದು ಆಗುತ್ತಿತ್ತು. ಹದಿನಾರು ವಾರದ ನಂತರ ಕೋಚ್ ‘ಫೇಸ್ ಟೂ’ ಎಂದು ಇನ್ನೂ ಹದಿನಾರು ವಾರ ಹೇಳಿದ್ದನಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಇಂಗ್ಲಿಷಿನಲ್ಲಿ ಹೇಳಿರಬೇಕು.

ಆ ಸೋಮವಾರ ರಥಸಪ್ತಮಿಯ ಹಿಂದಿನ ದಿನ ಬಂದಿತ್ತು. ರಥಸಪ್ತಮಿಯವರೆಗೆ ಸಂಕ್ರಾಂತಿಯ ಎಳ್ಳು ಕೊಡುವುದು ನಡೆದೇ ಇರುತ್ತದೆ, ಆದ್ದರಿಂದ ಅಂಗಡಿಯಲ್ಲಿ ಒಳ್ಳೆಯ ಎಳ್ಳು ಇತ್ತು. ನಿಮ್ಮಮ್ಮ ಶಾಲೆಗೆ, ನೀವು ನಿಮ್ಮ ಶಾಲೆಗೆ ಹೋದಿರಿ. ಸೋಮವಾರ ನಿಮ್ಮಪ್ಪ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನು ಒಳಕೋಣೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ನಾನು ಎಳ್ಳು ಹುರಿದೆ. ಬೆಲ್ಲ ಕುಟ್ಟಿ ಕೂಡಿಸಿ ಹೂರಣ ಮಾಡಿ ಹೋಳಿಗೆ ಲಟ್ಟಿಸಿದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ದೀಪ ಹಚ್ಚಿ, ವ್ರತದ ಪದ್ಧತಿಯಂತೆ ಮೂರು ಪಾಲು ಮಾಡಿ, ದೇವರ ಪಾಲು ತೆಗೆದಿಟ್ಟು ಅವನನ್ನು ಕರೆದೆ.

ಎಳ್ಳು ಹುರಿದ ವಾಸನೆಗೆ ಅವನು ಮೀಟಿಂಗ್ ಬಿಟ್ಟು ಬಂದಿದ್ದ. ತಾಟಿನ ಮುಂದೆ ನಿಂತು ಇದೇನು ಎಂದು ಕೇಳಿದ. ಹದಿನಾರು ಮುಗಿಯಿತಲ್ಲಪ್ಪಾ, ಉದ್ಯಾಪನೆ ಎಂದೆ. ನಕ್ಕುಬಿಡುತ್ತಾನೆ, ಇಲ್ಲವೇ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ಕೂತ. ಫೋಟೊ ತೆಗೆಯಲಿಲ್ಲ. ಐದು ಹೋಳಿಗೆ ತಿಂದ, ತುಪ್ಪ ಹಾಕಿಸಿಕೊಂಡು. ಮೊಸರಿನ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ. ಕಣ್ಣಲ್ಲಿ ನೀರು ನಿಂತಿತ್ತು, ಖಾರಕ್ಕೆ ಇರಬಹುದು. ನಾಳೆಯಿಂದ ಗುಳಿಗೆ ತಗೋ ಎನ್ನುವ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಅವನ ಫೋನು ಬಡಿದುಕೊಂಡಿತು. ಎದ್ದು ಹೋದ.

ಬುಧವಾರ ಅವನಿಗೆ ಜ್ವರ ಬಂತು. ಗುರುವಾರ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕುಸಿದು ಕೂತವನನ್ನು ನಾನೂ ನಿಮ್ಮಮ್ಮನೂ ಎತ್ತಿದೆವು. ಅಲ್ಲಿ ಕಂಡ ರಕ್ತದ ಬಗ್ಗೆ ಬರೆಯುವುದಿಲ್ಲ. ನಿಮ್ಮನ್ನು ಪಕ್ಕದ ಮನೆಯಲ್ಲಿ ಬಿಟ್ಟು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಿಮ್ಮಮ್ಮ ಏನು ತಿಂದೆ ಏನು ತಿಂದೆ ಎಂದು ಅವನನ್ನು ಕೇಳುತ್ತಿದ್ದಳು. ಸಯನ್ ದಾಟುವಾಗ ಅವನು ಕಣ್ಣು ಮುಚ್ಚಿಕೊಂಡೇ ಹೋಳಿಗೆ ಎಂದ. ಅವಳು ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ ನೇರವಾಗಿ ಕೋಚಿಗೆ ಫೋನು ಹಚ್ಚಿದಳು. ಅವನ ದನಿ ನನಗೂ ಕೇಳುತ್ತಿತ್ತು. ಪಥ್ಯವೇನೋ ಗೆದ್ದಿತ್ತಂತೆ, ಕರುಳು ಬಹುತೇಕ ವಾಸಿಯಾಗಿತ್ತಂತೆ, ಮನೆಯ ಹಿರಿಯರು ಮಾಡಿದ ಒಂದು ಊಟದಿಂದ ಹದಿನಾರು ವಾರದ ಕೆಲಸ ಹಾಳಾಯಿತಂತೆ. ಬಹಳ ಮನೆಗಳಲ್ಲಿ ಅತ್ತೆಯರಿಂದಲೇ ತನ್ನ ಪಥ್ಯ ಕೆಡುವುದಂತೆ. ನಿಮ್ಮಪ್ಪ ಅವನಿಗೂ ಗುಳಿಗೆ ಬಿಟ್ಟದ್ದನ್ನು ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಈ ಒಂದು ವಿಷಯದಲ್ಲಿ ಕೋಚನ್ನು ಬಯ್ಯಲು ನನಗೆ ಹಕ್ಕಿಲ್ಲ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಡಾಕ್ಟರು ಒಬ್ಬ ಹೆಣ್ಣುಮಗಳು, ಸಣ್ಣ ವಯಸ್ಸು, ಮರಾಠಿಯವರು. ಜೊತೆಯಲ್ಲಿ ಬರೆದುಕೊಳ್ಳುವ ಇನ್ನೊಬ್ಬರಿದ್ದರು. ಅವರು ಮೊದಲು ಕೇಳಿದ ಪ್ರಶ್ನೆಯೇ, ಗುಳಿಗೆ ತಪ್ಪದೆ ತೆಗೆದುಕೊಂಡಿದ್ದಾರೆಯೇ ಎಂಬುದು. ನಿಮ್ಮಮ್ಮ ತಟ್ಟನೆ ಹೌದು ಎಂದಳು, ಪ್ರತಿ ತಿಂಗಳು ನಾನೇ ತರಿಸುತ್ತೇನೆ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಡಾಕ್ಟರು ನಿಮ್ಮಪ್ಪನ ಮುಖ ನೋಡಿದರು. ಅವನು ಹ್ಞೂಂ ಎಂದ. ಮತ್ತೇನು ಬದಲಾಯಿತು ಎಂದರು. ನಿಮ್ಮಮ್ಮ ಇಲಿಗಳಿಂದ ಶುರು ಮಾಡಿ, ಮಣಿ, ಚಾರ್ಟ್, ಹದಿನಾರು ವಾರ ಎಲ್ಲ ಹೇಳಿ, ಕಡೆಗೆ ಸಾಸೂಮಾ ಕೊಟ್ಟ ಎಳ್ಳು ಎಂದು ಮುಗಿಸಿದಳು. ಮೂವರೂ ನನ್ನನ್ನು ನೋಡಿದರು. ನಾನು ಸೆರಗು ಹೊದ್ದು ಮಂಚದ ಕಾಲು ನೋಡುತ್ತಿದ್ದೆ.

ಡಾಕ್ಟರು ಎಳ್ಳಿನ ಮಾತಿಗೆ ಬಹಳ ಗಮನ ಕೊಡಲಿಲ್ಲ. ಬರೆದುಕೊಳ್ಳುವವರಿಗೆ ಹಿಂದಿ ಇಂಗ್ಲಿಷ್ ಸೇರಿಸಿ ಹೇಳಿದ್ದು ನನಗೆ ಅರ್ಥವಾಯಿತು. ಇಷ್ಟು ತಿಂಗಳು ಸರಿಯಾಗಿ ಗುಳಿಗೆ ತಿಂದೂ ಹೀಗಾಗಿದ್ದರೆ ಈ ಔಷಧಿ ಇವರಿಗೆ ನಾಟುವುದಿಲ್ಲ ಎಂದೇ ಹಿಡಿಯಬೇಕು. ಇನ್ನು ಭಾರಿ ಔಷಧಿ ಕೊಡಬೇಕು. ಅದೂ ನಾಟದಿದ್ದರೆ ಕರುಳು ಕತ್ತರಿಸಬೇಕಾದೀತು, ಇವತ್ತೇ ಸರ್ಜನ್ ಬಂದು ಒಮ್ಮೆ ನೋಡಲಿ ಎಂದರು.

ನಾನು ನಿಮ್ಮಪ್ಪನನ್ನು ನೋಡಿದೆ, ಈಗಲಾದರೂ ಹೇಳುತ್ತಾನೆ ಎಂದು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಹಿಂದಿನಿಂದ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಡಾಕ್ಟರು ಪರದೆ ಸರಿಸಿ ಹೊರಟರು. ಪರದೆಯ ಬಳೆಗಳು ಸರಳಿನ ಮೇಲೆ ಸರಿದವು. ನಾನು ಹೋಗಿ ಅವರ ಕೋಟಿನ ತೋಳು ಹಿಡಿದುಕೊಂಡೆ. ಹೆಂಗಸೇ ಆದರೂ ಗುರುತಿಲ್ಲದವರ ಮೈಗೆ ಕೈ ಹಾಕಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

“ಗೋಲಿ ನಹೀ ಖಾಯಾ,” ಎಂದೆ. “ದೀವಾಲಿ ಸೇ ನಹೀ ಖಾಯಾ. ಏಕ್ ಭೀ ನಹೀ. ಮೈ ದೇಖಾ.”

ದೀಪಾವಳಿಯಿಂದ ಒಂದು ಗುಳಿಗೆಯನ್ನೂ ತಿಂದಿಲ್ಲ, ನಾನು ನೋಡಿದ್ದೇನೆ ಎಂದು ಹೇಳಿದ್ದು. ನಿಮ್ಮಮ್ಮನ ಬಾಯಿ ತೆರೆದೇ ಇತ್ತು. ನನಗೆ ಹೇಗೆ ಗೊತ್ತು ಎಂದು ಡಾಕ್ಟರು ಕೇಳಿದರು. ಹಿಂದಿ ಅಷ್ಟಕ್ಕೇ ಮುಗಿದುಹೋಗಿತ್ತು. ಎರಡು ಬೆರಳು ತೋರಿಸಿದೆ. ಚೀಲ ಒಗೆಯುವ ಹಾಗೆ ಕೈಯಲ್ಲಿ ಮಾಡಿದೆ. ಮತ್ತೆ ಎರಡು ಬೆರಳು, ಮತ್ತೆ ಒಗೆಯುವುದು, ಮತ್ತೆ ಎರಡು ಬೆರಳು. ಹೊಟ್ಟೆ ಹಿಡಿದು ಬೆಳಿಗ್ಗೆ ಮೂರು ಸಲ ಓಡುವುದನ್ನೂ ಮಾಡಿ ತೋರಿಸಿದೆ. ಸಂಕ್ರಾಂತಿಗಿಂತ ಮೊದಲಿನಿಂದ ಎಂದೆ, ಕನ್ನಡದಲ್ಲಿಯೇ. ಅವರಿಗೆ ಅರ್ಥವಾಯಿತು.

“ಅವ್ವಾ,” ಎಂದ ನಿಮ್ಮಪ್ಪ ಗೋಡೆಯ ಕಡೆಯಿಂದ. ಅಷ್ಟೇ.

ಡಾಕ್ಟರು ವಾಪಸು ಬಂದು ಸ್ಟೂಲಿನ ಮೇಲೆ ಕೂತರು. ಕೂಗಾಡಲಿಲ್ಲ. ಬರೆದದ್ದನ್ನು ಹೊಡೆದು ಹಾಕಿಸಿದರು. ಔಷಧಿ ನಾಟಲಿಲ್ಲ ಎನ್ನುವುದು ಬೇರೆ, ತಿನ್ನಲೇ ಇಲ್ಲ ಎನ್ನುವುದು ಬೇರೆ, ಇನ್ನು ಚಿಕಿತ್ಸೆಯೇ ಬೇರೆ ಎಂದರು. ಆಮೇಲೆ ನಿಮ್ಮಪ್ಪನಿಗೆ ಹೇಳಿದ್ದನ್ನು ನಿಮ್ಮಮ್ಮ ಕೆಲವು ದಿನದ ಮೇಲೆ ನನಗೆ ಕನ್ನಡದಲ್ಲಿ ಹೇಳಿದಳು. ಇಲಿಗಳ ಸುದ್ದಿ ಸುಳ್ಳಲ್ಲ. ಆ ಒಂದು ಮಣಿ ಕಡಿಮೆಯಾದಾಗ ಇಲಿಯ ಕರುಳಿನ ಬ್ಯಾಕ್ಟೀರಿಯಾ ಬದಲಾಗುವುದನ್ನೂ ಬಾವು ಇಳಿಯುವುದನ್ನೂ ಕಂಡಿರುವುದು ನಿಜ, ಎಲ್ಲ ಕಡೆ ಒಂದೇ ರೀತಿ ಕಂಡಿಲ್ಲ. ಮನುಷ್ಯರ ಈ ಬೇನೆಗೆ ಅದರಿಂದ ಉಪಯೋಗವಿದೆಯೇ ಎಂಬುದು ಇನ್ನೂ ಗೊತ್ತಿಲ್ಲ, ಮುಂದೆ ಗೊತ್ತಾಗಬಹುದು. ಆದರೆ ಆ ಮಣಿಯನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬೇನೆಯವನು ಅಂದಾಜಿನ ಮೇಲೆ ಬಿಡುತ್ತ ಹೋದರೆ ಮೈಯೇ ಕರಗುತ್ತದೆ. ಹೋಳಿಗೆಯ ಬಗ್ಗೆಯೂ ಹೇಳಿದರಂತೆ. ಎದ್ದ ಬೇನೆಗೆ ಐದು ಹೋಳಿಗೆ ಒಳ್ಳೆಯ ಊಟವಲ್ಲ, ಹಾಗೆಂದು ಬೇನೆ ಎಬ್ಬಿಸಿದ್ದು ಹೋಳಿಗೆಯಲ್ಲ, ಅದು ತಿಂಗಳ ಹಿಂದೆಯೇ ಎದ್ದಿತ್ತು. ಈ ಸಾಲನ್ನು ಓದುವಾಗ ನಿಮ್ಮಮ್ಮ ಕೆಮ್ಮಿದರೆ ಮತ್ತೊಮ್ಮೆ ಓದಿಸಿ.

ಇಲಿಗಳಿಗೂ ನಿಮ್ಮಪ್ಪನಿಗೂ ಇದ್ದ ವ್ಯತ್ಯಾಸ ನನಗೆ ಆಗ ತಿಳಿಯಿತು. ಇಲಿಗೆ ಆಫೀಸಿಲ್ಲ, ಹಠವಿಲ್ಲ. ಪಂಜರದಲ್ಲಿ ಕೊಟ್ಟಿದ್ದನ್ನು ತಿನ್ನುತ್ತದೆ, ಬೆಳಿಗ್ಗೆ ಎದ್ದು ಸುಳ್ಳು ಬೆರಳು ತೋರಿಸುವುದಿಲ್ಲ. ಮೂಲೆಯಲ್ಲಿ ಎಲ್ಲವನ್ನೂ ನೋಡುತ್ತ ಗ್ಯಾಸ್ಕೆಟ್ಟಿನ ಮಾತಾಡುವ ತಾಯಿಯೂ ಅದಕ್ಕಿರುವುದಿಲ್ಲ. ಎಳ್ಳಿನ ತಪ್ಪು ನನ್ನದಲ್ಲ ಎಂದು ಬರೆಯಲು ಕೂತೆ. ನಿಜ, ಅದು ನನ್ನದಲ್ಲ. ಆದರೆ ನಾಲ್ಕನೆಯ ಶನಿವಾರ ನಾನು ಬಾಯಿ ಬಿಟ್ಟಿದ್ದರೆ ಅವನು ಆ ಮಂಚದ ಮೇಲೆ ಮಲಗುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಸರ್ಜನ್ ಬಂದು ನೋಡಿ, ತಮ್ಮ ಕೆಲಸವಿಲ್ಲ ಎಂದು ಹೋದರು. ಮೊದಲ ಮೂರು ದಿನ ನಿಮ್ಮಪ್ಪ ನನ್ನ ಜೊತೆ ಮಾತಾಡಲಿಲ್ಲ. ನಾನು ಗಂಜಿ ತಂದರೆ ಕುಡಿಯುತ್ತಿದ್ದ, ಬಟ್ಟಲು ವಾಪಸು ಕೊಡುತ್ತಿದ್ದ. ನಿಮ್ಮಮ್ಮ ಅವನ ಜೊತೆಯೂ ಮಾತಾಡಲಿಲ್ಲ, ನನ್ನ ಜೊತೆಯೂ ಇಲ್ಲ. ಅಂಗಿಗಳ ಕೆಳಗಿದ್ದ ಸ್ಟ್ರಿಪ್ಪುಗಳನ್ನೆಲ್ಲ ತೆಗೆದು ಡೈನಿಂಗ್ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿಟ್ಟು, ಮನೆಗೆ ಬಂದವರೆಲ್ಲ ನೋಡುವಂತೆ ಹಾಗೆಯೇ ಬಿಟ್ಟಳು. ಸೊಸೈಟಿಯ ಗ್ರೂಪಿನಲ್ಲಿ ಮಾತ್ರ ವೈರಲ್ ಇನ್ಫೆಕ್ಷನ್ ಎಂದು ಹಾಕಿದಳು. ಹಾಗಾಗಿ ಆ ನಾಲ್ಕು ಮನೆಗಳಲ್ಲಿ ಪಥ್ಯ ಇನ್ನೂ ಸ್ವಲ್ಪ ದಿನ ನಡೆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ನಾನೊಬ್ಬಳೇ ಇದ್ದೆ. ನರ್ಸ್ ಒಂದು ಸಣ್ಣ ಕಪ್ಪಿನಲ್ಲಿ ಗುಳಿಗೆ ಇಟ್ಟು ಹೋದಳು. ರಕ್ತ ನಿಂತಿತ್ತು, ಅವನ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಅವನು ಗುಳಿಗೆಯನ್ನು ಬೆರಳಿನಲ್ಲಿ ಹೊರಳಿಸುತ್ತ ಕೂತು, ನನ್ನನ್ನು ನೋಡದೆ ಕೇಳಿದ.

“ಅವ್ವಾ, ಮೊದಲ ಯಾಕ ಹೇಳಲಿಲ್ಲ?”

“ನೀನ ಹೇಳಬ್ಯಾಡ ಅಂದಿದ್ದಿ.”

“ನಾ ಅಂದ್ರ? ನಾ ಅಂದಿದ್ದೆಲ್ಲಾ ಕೇಳ್ತಿಯೇನು?”

ಅವನ ತಂದೆಯಾಗಿದ್ದರೆ ಇದಕ್ಕೆ ಏನು ಹೇಳುತ್ತಿದ್ದರೋ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ನಾನೇ ಹೇಳಿದೆ.

“ಇನ್ನ ಮುಂದ ಕೇಳೂದಿಲ್ಲ. ನುಂಗು.”

ಅವನು ನುಂಗಿದ. ನೀರು ಕುಡಿದ. ನಾನು ಇನ್ನೂ ನೋಡುತ್ತಲೇ ಇದ್ದೆ. ಅವನು ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದ.